ಎರಡನೆಯ ಕೊಟ್ರಮ್ಮ

ಬೋಗಸ್ ಮತದಾರರನ್ನು ಹಿಡಿಯಲು ಹದಿನೇಳು ಸಾಲು ಸಾಕು ಎಂದು ನಾನು ನಂಬಿದ್ದೆ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಗಂಡೋ ಹೆಣ್ಣೋ, ವಯಸ್ಸು, ಮನೆ ಸಂಖ್ಯೆ. ಈ ಐದೂ ತಾಳೆಯಾಗುವ ಎರಡು ದಾಖಲೆ ಕಂಡರೆ ಎರಡನೆಯದನ್ನು ತೆಗೆದುಹಾಕು. ಫಾಕ್ಸ್‌ಪ್ರೊ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಂ ಮಾಡುತ್ತಿದ್ದದ್ದು ಇಷ್ಟೇ. ಹೇಳಿಕೊಟ್ಟವರು ಯಾರೂ ಇರಲಿಲ್ಲ. ಒಂದು ಹಳೆಯ ಪುಸ್ತಕ, ಒಂದಿಷ್ಟು ಹಟ. ಹಾಗಾಗಿ ಅದರ ಮೇಲೆ ನನಗೆ ಬಹಳ ಹೆಮ್ಮೆ. ಆ ಹೆಮ್ಮೆ ಪೂರ್ತಿ ಹೋಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಈಗ ಅದು ಬೇರೆ ಜಾಗದಲ್ಲಿದೆ.

ಹೊಸ ಶತಮಾನ ಬಂದ ಕೂಡಲೇ ಕಂಪ್ಯೂಟರ್‌ಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಜನ ಮಾತಾಡಿಕೊಳ್ಳುತ್ತಿದ್ದ ಕಾಲ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ನಾನು ಕೆಲಸಕ್ಕಿದ್ದ ಸೆಂಟರಿನಲ್ಲಿ ಎರಡು ಕಂಪ್ಯೂಟರ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ವೋಲ್ಟೇಜ್ ಏರಿಳಿದಾಗಲೆಲ್ಲ ಗೊರಗುಟ್ಟುವ ಒಂದು ಸ್ಟೆಬಿಲೈಜರ್. ಅದರ ಕಾಯಿಲ್ ಸುತ್ತಿಕೊಟ್ಟವರು ನನ್ನ ಅಬ್ಬಾ. ಸಂತೆ ಬಯಲಿನ ಹತ್ತಿರ ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಸುಟ್ಟ ಪಂಪ್‌ಸೆಟ್‌ಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಮದುವೆ ಕಾರ್ಡು, ಅರ್ಜಿ, ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಂಡಿದ್ದ ನಮ್ಮ ಸೆಂಟರಿಗೆ ಆ ಸಲ ಕೂಡ್ಲಿಗಿಯ ತಾಲ್ಲೂಕು ಕಚೇರಿಯಿಂದ ದೊಡ್ಡ ಕೆಲಸ ಬಂತು. ಗ್ರಾಮ ಪಂಚಾಯಿತಿ ಚುನಾವಣೆ ಹತ್ತಿರವಿತ್ತು. ಹತ್ತು ಹಳ್ಳಿಗಳ ಮತದಾರರ ಪಟ್ಟಿಯನ್ನು ಕಂಪ್ಯೂಟರಿಗೆ ಹತ್ತಿಸಿ ಅಚ್ಚು ತೆಗೆದು ಕೊಡಬೇಕು. ಶಾಲೆಯ ಮೇಷ್ಟರುಗಳು ಮನೆಮನೆಗೆ ಹೋಗಿ ಬರೆದ ದಪ್ಪ ಪುಸ್ತಕಗಳು ಗೋಣಿಚೀಲದಲ್ಲಿ ಬಂದವು.

ಆ ಪುಸ್ತಕಗಳಲ್ಲಿ ಒಂದು ಪದ್ಧತಿ. ಮೇಲಿನ ಸಾಲಿನಲ್ಲಿದ್ದದ್ದೇ ಕೆಳಗೂ ಬಂದರೆ ‘ಸದರಿ’ ಎಂದು ಬರೆದು ಮುಂದೆ ಹೋಗುವುದು. ಮನೆ ಸಂಖ್ಯೆ ಹದಿನಾಲ್ಕು. ಅದರ ಕೆಳಗೆ ಸದರಿ, ಸದರಿ, ಸದರಿ. ಕೆಲವು ಕಡೆ ಪುಟ ಮಗುಚಿದರೂ ಸದರಿಯೇ. ಪ್ರತಿ ಸಾಲಿಗೂ ಸಂಖ್ಯೆ ಹೊಡೆಯಲು ಬೇಸರವಾಗಿ, ಖಾಲಿ ಬಿಟ್ಟರೆ ಮೇಲಿನ ಸಂಖ್ಯೆಯನ್ನೇ ಕಂಪ್ಯೂಟರ್ ತುಂಬಿಕೊಳ್ಳುವಂತೆ ಮಾಡಿದೆ. ಕೆಲಸ ಹಗುರಾಯಿತು. ಒಂದೇ ಮನೆಯಲ್ಲಿ ಅರವತ್ತು ಎಪ್ಪತ್ತು ಜನ ಹೇಗಿರುತ್ತಾರೆ ಎಂಬ ಪ್ರಶ್ನೆ ಬರಬೇಕಿತ್ತು. ಬರಲಿಲ್ಲ. ಎಲ್ಲವನ್ನೂ ಪ್ರಶ್ನಿಸುವವಳು ಎಂದು ಬೀಗುತ್ತಿದ್ದ ನನಗೇ ಬರಲಿಲ್ಲ.

ಕಾಲೇಜಿನಲ್ಲಿ ನಾನು ಚರ್ಚಾ ಸ್ಪರ್ಧೆಯ ಹುಡುಗಿ. ಹರಪನಹಳ್ಳಿಯಲ್ಲಾಗಲಿ ಹಡಗಲಿಯಲ್ಲಾಗಲಿ, ಸ್ಪರ್ಧೆ ಎಂದರೆ ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಿಂತ ಕಡೆ ಗಟ್ಟಿಯಾಗಿ ನಿಂತು ಎದುರಿನವರ ಮಾತಿನಲ್ಲಿ ಬಿರುಕು ಹುಡುಕುವುದು. ‘ನಮ್ಮ ಚುನಾವಣೆಗಳು ಪ್ರಾಮಾಣಿಕವೆ?’ ಎಂಬ ವಿಷಯಕ್ಕೆ ವಿರೋಧವಾಗಿ ಮಾತಾಡಿ ಒಂದು ಶೀಲ್ಡ್ ತಂದಿದ್ದೆ. ಸತ್ತವರು ಒಂದು ಸಲ ಮತ ಹಾಕುತ್ತಾರೆ, ಇದ್ದವರು ಎರಡು ಸಲ ಹಾಕುತ್ತಾರೆ ಎಂದಾಗ ಸಭೆ ಚಪ್ಪಾಳೆ ತಟ್ಟಿತ್ತು. ಈಗ ಅದಕ್ಕೆ ಸಾಕ್ಷಿಯೇ ನನ್ನ ಕೈಗೆ ಬಂದಂತಾಯಿತು.

ಪ್ರೋಗ್ರಾಂ ಓಡಿಸಿದೆ. ಒಂಬತ್ತು ಹಳ್ಳಿಗಳಲ್ಲಿ ಎಲ್ಲೋ ಒಂದು, ಎರಡು. ಉಜ್ಜಿನಿ ಕಡೆಯ ಒಂದೇ ಹಳ್ಳಿಯಲ್ಲಿ ಮೂವತ್ತೆಂಟು. ಬೇರೆ ಯಾರಾದರೂ ಆಗಿದ್ದರೆ ಇದೇಕೆ ಇಲ್ಲಿ ಮಾತ್ರ ಎಂದು ನಿಂತು ನೋಡುತ್ತಿದ್ದರೋ ಏನೋ. ನಾನು ನಿಂತು ನೋಡಿದ್ದು ಬೇರೆ ಕಾರಣಕ್ಕೆ: ಎಂಥ ಮೋಸದ ಊರು! ಫಾಕ್ಸ್‌ಪ್ರೊದಲ್ಲಿ ‘ಡಿಲೀಟ್’ ಎಂದರೆ ದಾಖಲೆಯ ಮೇಲೆ ಗುರುತು ಬೀಳುತ್ತದೆ ಅಷ್ಟೆ, ಬೇಕಾದರೆ ಮರಳಿ ತರಬಹುದು. ‘ಪ್ಯಾಕ್’ ಎಂದರೆ ಅದು ಶಾಶ್ವತವಾಗಿ ಹೋಗುತ್ತದೆ. ನಾನು ಪ್ಯಾಕ್ ಮಾಡಿದೆ. ಮಾಡುವ ಮೊದಲು ಮೂವತ್ತೆಂಟು ಹೆಸರನ್ನೂ ಅಚ್ಚು ತೆಗೆದು, ಬೇಟೆಯಾಡಿದವರು ಕೊಂಬು ತೂಗುಹಾಕುವಂತೆ, ನನ್ನ ಮೇಜಿನ ಮೇಲಿನ ಗೋಡೆಗೆ ಅಂಟಿಸಿದೆ. ನಮ್ಮ ಮಾಲೀಕರು ಇದನ್ನು ತಾಲ್ಲೂಕು ಕಚೇರಿಯಲ್ಲಿ ಬಾಯಿತುಂಬ ಹೇಳಿಬಂದರು. ಕರಡು ಪಟ್ಟಿ ಹಳ್ಳಿಗಳ ಶಾಲೆಯ ಗೋಡೆಗಳಿಗೆ ಹತ್ತಿತು.

ಅಬ್ಬಾ ಯಾವ ಪಕ್ಷದವರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಮತದಾನದ ದಿನ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಂಗಡಿ ತೆಗೆಯುವ ಮೊದಲು ಹೋಗಿ ಸರದಿಯಲ್ಲಿ ನಿಲ್ಲುತ್ತಿದ್ದರು. ಅದರ ಮೇಲೆ ನಮ್ಮಿಬ್ಬರಿಗೂ ಸದಾ ಜಟಾಪಟಿ. ನಿಮ್ಮ ಒಂದು ಮತವನ್ನು ಯಾವನೋ ಒಬ್ಬನ ಎರಡನೆಯ ಮತ ಹೊಡೆದುಹಾಕುತ್ತದೆ, ಸುಮ್ಮನೆ ಯಾಕೆ ಹೋಗುತ್ತೀರಿ ಎಂದು ಚುಚ್ಚುತ್ತಿದ್ದೆ. ಮೂವತ್ತೆಂಟರ ಸುದ್ದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು.

“ಆ ಮೂವತ್ತೆಂಟು ಮಂದೀನ ನೀ ನೋಡಿಯೇನು?”

“ನೋಡಾದ್ಯಾಕ ಬೇಕು ಅಬ್ಬಾ, ಐದೂ ತಾಳೆ ಆಗ್ಯಾವ.”

ಅವರು ಚಹಾದ ಕಪ್ಪಿಗೆ ಊದುತ್ತಾ ಕುಳಿತರು. ಗೆದ್ದೆ ಎಂದುಕೊಂಡೆ.

ಮುಂದಿನ ಶುಕ್ರವಾರ ಮಧ್ಯಾಹ್ನ ಅವರಿಗೆ ಬುತ್ತಿ ಒಯ್ದಾಗ ಅಂಗಡಿಯ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನಲ್ಲಿ ಸುಟ್ಟ ಮೋಟಾರು, ಅದರ ಪಕ್ಕದಲ್ಲಿ ಅದನ್ನು ಅಲುಗದಂತೆ ಹಿಡಿದು ಕುಳಿತ ಒಬ್ಬ ಹೆಂಗಸು. ಹಳ್ಳಿಯ ಕುಡಿಯುವ ನೀರಿನ ಮೋಟಾರಂತೆ. ಗಂಡಸರು ಇವತ್ತು ನಾಳೆ ಎನ್ನುತ್ತಾ ನಾಲ್ಕು ದಿನ ಕಳೆದದ್ದಕ್ಕೆ, ಮಾರುಕಟ್ಟೆಗೆ ಹೊರಟಿದ್ದ ಟ್ರ್ಯಾಕ್ಟರ್ ನಿಲ್ಲಿಸಿ ತಾನೇ ಏರಿಸಿಕೊಂಡು ಬಂದಿದ್ದಳು. ಅಬ್ಬಾ ಎಂದಿನಂತೆ ಒಂದು ತಗಡಿನ ತುಂಡು ತೆಗೆದುಕೊಂಡು, ಬಣ್ಣದಲ್ಲಿ ‘ಟ್ಯಾಂಕಿ ಕೊಟ್ರಮ್ಮ’ ಎಂದು ಬರೆದು, ತಂತಿಯಿಂದ ಮೋಟಾರಿಗೆ ಕಟ್ಟಿದರು.

“ಈ ಸಲ ಪಂಚಾಯ್ತಿಗೆ ನಿಂದ್ರತೀಯಂತ,” ಎಂದು ನಕ್ಕರು. “ಗೆದ್ದ ಮ್ಯಾಲ ಮೋಟಾರ್ ತರಾಕ ಯಾರನ್ನ ಕಳಸ್ತೀ?”

ಆಕೆ ನಗಲಿಲ್ಲ. “ಎಲ್ಲಿ ನಿಂದ್ರಾದು ಮಿಸ್ತ್ರಿ ಅಣ್ಣಾ. ಪಟ್ಟ್ಯಾಗ ಹೆಸ್ರ ಇಲ್ಲ. ಕಂಪ್ಯೂಟರ್ ನನ್ನ ತೆಗದೈತಂತ. ನಾನೇನ್ ಮಾಡೀನ್ರಿ ಅದಕ್ಕ?”

ಹೆಂಗಸರಿಗೆ ಮೀಸಲಾದ ಸ್ಥಾನವಂತೆ. ಓಣಿಯ ಹೆಂಗಸರೆಲ್ಲ ಸೇರಿ ಆಕೆಯೇ ನಿಲ್ಲಬೇಕು ಎಂದು ತೀರ್ಮಾನಿಸಿದ್ದರಂತೆ. ಪಟ್ಟಿಯಲ್ಲಿ ಹೆಸರಿಲ್ಲದವರು ನಾಮಪತ್ರ ಹಾಕುವಂತಿಲ್ಲ. ತಪ್ಪಿದ್ದರೆ ಅರ್ಜಿ ಕೊಡಲು ಸೋಮವಾರ ಸಂಜೆಯೇ ಕೊನೆ.

ನಾನು ಬುತ್ತಿ ಕೆಳಗಿಟ್ಟು ವಾದಕ್ಕೆ ಇಳಿದೆ. ಗಂಡನ ಹೆಸರೇನು ಎಂದು ಕೇಳಿದೆ. ಆಕೆ ತಾನು ಹೇಳದೆ ಅಬ್ಬಾನ ಮುಖ ನೋಡಿದಳು. “ಬಸಪ್ಪ” ಎಂದು ಅವರು ಹೇಳಿದರು. ವಯಸ್ಸು ಮೂವತ್ತೈದು ಎಂದು ಬರೆದುಕೊಂಡು ಹೋಗಿದ್ದಾರೆ ಎಂದಳು. ಕೊಟ್ರಮ್ಮ, ಗಂಡ ಬಸಪ್ಪ, ಮೂವತ್ತೈದು, ಮನೆ ಹದಿನಾಲ್ಕು. ನನ್ನ ಗೋಡೆಯ ಹಾಳೆಯ ಮೊದಲ ಸಾಲು.

“ನಿಮ್ಮ ಹೆಸ್ರು ಪಟ್ಟ್ಯಾಗ ಐತ್ರಿ,” ಎಂದೆ. “ಎರಡು ಸಲ ಇತ್ತು. ಒಂದನ್ನ ತೆಗದಾರ.” ತೆಗದೀನಿ ಎನ್ನಲಿಲ್ಲ, ತೆಗದಾರ ಎಂದೆ. ಅದು ನನಗೆ ನೆನಪಿದೆ.

ಆಕೆ ನನ್ನ ಕಡೆ ತಿರುಗಿದಳು. “ಎರಡು ಸಲ ಇದ್ದಿದ್ದು ಹೆಸ್ರು, ಯವ್ವಾ. ನಾವೂ ಇಬ್ರು ಅದೀವಿ. ನಮ್ಮ ಓಣ್ಯಾಗ ನಿಂತು ಕೊಟ್ರಮ್ಮ ಅಂತ ಕೂಗಿ ನೋಡು, ಎಂಟು ಮನಿ ಬಾಗ್ಲ ತೆಗೀತಾವ.”

ಅಬ್ಬಾ ಕೈಯಲ್ಲಿದ್ದ ಸ್ಪ್ಯಾನರಿನಿಂದ ಗೋಡೆಯ ಕಡೆ ತೋರಿಸಿದರು. ಸಾಲಾಗಿಟ್ಟ ಮೋಟಾರುಗಳು, ಪ್ರತಿಯೊಂದಕ್ಕೂ ತಗಡು. ಸಂತಿ ಕೊಟ್ರಪ್ಪ. ಬಾವಿ ಕೊಟ್ರಪ್ಪ. ಕಣದ ಕೊಟ್ರಪ್ಪ. ಹೊಸಮನಿ ಬಸಪ್ಪ. ನಮ್ಮ ಸೀಮೆಯಲ್ಲಿ ಮನೆಗೊಂದು ಹೆಸರು ಕೊಟ್ಟೂರೇಶ್ವರನದು. ಮೊಮ್ಮಗ ಹುಟ್ಟಿದರೆ ಅಜ್ಜನ ಹೆಸರು, ಆ ಅಜ್ಜನ ಹೆಸರೂ ದೇವರದೇ. ಅಂಗಡಿ ಇಟ್ಟ ಹೊಸತರಲ್ಲಿ ಅಬ್ಬಾ ಬರೀ ಹೆಸರು ಬರೆದು, ಒಬ್ಬ ಕೊಟ್ರಪ್ಪನ ಐದು ಎಚ್‌ಪಿ ಮೋಟಾರನ್ನು ಇನ್ನೊಬ್ಬ ಕೊಟ್ರಪ್ಪನಿಗೆ ಕೊಟ್ಟು ಕಳಿಸಿದ್ದರಂತೆ. ಇಬ್ಬರೂ ಒಂದೇ ದಿನ ಜಗಳಕ್ಕೆ ಬಂದರಂತೆ. ಅಂದಿನಿಂದ ಈ ತಗಡು. ಚಿಕ್ಕಂದಿನಿಂದ ಆ ತಗಡುಗಳ ನಡುವೆ ಆಡಿ ಬೆಳೆದವಳು ನಾನು. ಅವು ಯಾಕಿವೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಸೆಂಟರಿಗೆ ಓಡಿದೆ. ಪ್ಯಾಕ್ ಮಾಡಿದ ಫೈಲಿನಲ್ಲಿ ಏನೂ ಉಳಿದಿರಲಿಲ್ಲ. ಹಿಂದಿನ ಪ್ರತಿ ಇಟ್ಟಿದ್ದ ಫ್ಲಾಪಿ ಹಾಕಿದೆ. ಡ್ರೈವ್ ಕಟಕಟ ಎಂದು ಹಲ್ಲು ಕಡಿದು, ಓದಲಾಗುತ್ತಿಲ್ಲ ಎಂದಿತು. ಮೂರು ಸಲ ಹಾಕಿದೆ. ಮೇಷ್ಟರ ಪುಸ್ತಕಗಳು ಕಚೇರಿಗೆ ವಾಪಸು ಹೋಗಿದ್ದವು. ಉಳಿದದ್ದು ಒಂದೇ, ಗೋಡೆಯ ಮೇಲಿನ ನನ್ನ ಕೊಂಬು. ಅಂಚು ಹರಿಯದಂತೆ ಅದನ್ನು ಬಿಡಿಸಿಕೊಂಡೆ.

ಮಾಲೀಕರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿದವರು. ತಪ್ಪು ನಮ್ಮದು ಎಂದು ನಾವೇ ಹೇಳಿಕೊಂಡರೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲ, ಬೇಕಾದವರು ಅರ್ಜಿ ಹಾಕಿಕೊಳ್ಳಲಿ ಎಂದರು. ಕೂಲಿಗೆ ಹೋಗುವವರು ಒಂದು ದಿನ ಕೆಲಸ ಬಿಟ್ಟು, ತಾವು ಬದುಕಿದ್ದೇವೆ ಎಂದು ತೋರಿಸಲು ಕೂಡ್ಲಿಗಿಗೆ ಹೋಗಬೇಕೆ ಎಂದು ಕೇಳಿದೆ. ಪರ ವಿರೋಧ ಎಲ್ಲ ಸೇರಿಸಿ ಅರ್ಧ ಗಂಟೆ ವಾದಿಸಿದೆ.

“ವಾದದಾಗ ನೀನೇ ಗೆದ್ದಿ, ಒಪ್ಪಿದೆ,” ಎಂದರು ಕೊನೆಗೆ. “ಆದ್ರ ಕಾಗದದ ಮ್ಯಾಲ ಸೆಂಟರಿನ ಸೀಲ್ ಬೀಳಂಗಿಲ್ಲ.”

ಮೂವತ್ತೆಂಟನ್ನೂ ಕಣ್ಣುಮುಚ್ಚಿ ವಾಪಸು ಹಾಕುವುದೂ ನನಗೆ ಒಪ್ಪಿಗೆಯಿರಲಿಲ್ಲ. ನೋಡದೆ ತೆಗೆದದ್ದು ತಪ್ಪಾದರೆ ನೋಡದೆ ಸೇರಿಸುವುದು ಹೇಗೆ ಸರಿಯಾಗುತ್ತದೆ? ಭಾನುವಾರ ಬೆಳಿಗ್ಗೆ ಅಬ್ಬಾನ ಮೊಪೆಡ್ ಹಿಂದೆ ಕುಳಿತು ಹಳ್ಳಿಗೆ ಹೋದೆ. ಮೋಟಾರು ಕೂಡಿಸುವ ಕೆಲಸ ಅವರಿಗೂ ಅಲ್ಲೇ ಇತ್ತು. ಶಾಲೆಯ ಜಗಲಿಯ ಮೇಲೆ ಹಾಳೆ ಹರಡಿಕೊಂಡು, ಅದರ ಬಲ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಹೊಸದೊಂದು ಕಾಲಂ ಎಳೆದೆ. ಮೇಲೆ ‘ಗುರುತು’ ಎಂದು ಬರೆದೆ. ಅದು ಅಬ್ಬಾನ ತಗಡು, ನನ್ನ ಹಾಳೆಗೆ ಬಂದದ್ದು.

ಪಟ್ಟಿ ಬರೆದ ಮೇಷ್ಟರು ಸುದ್ದಿ ಕೇಳಿ ಬಂದರು. ನಾನು ಬಾಯಿ ತೆಗೆಯುವ ಮೊದಲೇ ಆ ಓಣಿಯ ಕಡೆ ಕೈ ತೋರಿಸಿ, “ನಂಬರ್ ಇಲ್ಲದ ಮನಿಗೆ ನಂಬರ್ ಎಲ್ಲಿಂದ ತರ್ಲಿ ಹೇಳವ್ವ?” ಎಂದರು. ಮೊದಲ ಮನೆಗೆ ಯಾವ ಕಾಲದಲ್ಲೋ ಬಳಿದ ಹದಿನಾಲ್ಕು ಇತ್ತು. ಆಮೇಲಿನ ಗುಡಿಸಲುಗಳಿಗೆ ಏನೂ ಇರಲಿಲ್ಲ. ಅವರು ಸದರಿ ಎಂದರು, ನಾನು ಅದನ್ನು ಹದಿನಾಲ್ಕು ಮಾಡಿದೆ. ವಯಸ್ಸು ಕೇಳಿದರೆ ಜನ ಮೂವತ್ತು, ಮೂವತ್ತೈದು, ನಲವತ್ತು ಎಂದು ಅಂದಾಜಿನಲ್ಲಿ ಹೇಳುತ್ತಿದ್ದರು. ಐದರಲ್ಲಿ ಐದು ತಾಳೆಯಾಗಲು ಇನ್ನೇನು ಬೇಕು?

ಒಂದೇ ಹೆಸರಿನವರನ್ನು ಒಟ್ಟಿಗೆ ಕರೆಸಿ ಅಕ್ಕಪಕ್ಕ ನಿಲ್ಲಿಸಿದೆ. ಕರೆಯುವ ಕೆಲಸ ಅಬ್ಬಾನದು. ಯಾರ ಬಾವಿಗೆ ಎಷ್ಟು ಎಚ್‌ಪಿ ಎಂಬುದರ ಸಮೇತ ಅವರಿಗೆ ಊರು ಗೊತ್ತಿತ್ತು. ಮೊದಲು ಬಂದವರು ಟ್ಯಾಂಕಿ ಕೊಟ್ರಮ್ಮ ಮತ್ತು ಬೇವಿನಗಿಡದ ಕೊಟ್ರಮ್ಮ. ನೀರಿನ ಟ್ಯಾಂಕಿನ ಹತ್ತಿರದವಳು ಇವಳು, ಓಣಿಯ ಬೇವಿನ ಮರದ ಕೆಳಗಿನವಳು ಅವಳು. ಒಬ್ಬಳು ಎತ್ತರ, ಒಬ್ಬಳು ಕುಳ್ಳಿ.

ಬೇವಿನಗಿಡದವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಕೇಳಿದಳು: “ನನ್ನ ಉಳಿಸಿ ಈಕಿನ್ನ ಯಾಕ ತೆಗದ್ಯವ್ವ? ಈಕಿ ಹೋದ್ರ ನೀರಿಗೆ ಬಡದಾಡೋರು ಯಾರು? ನನ್ನ ತೆಗೀಬೇಕಿತ್ತು, ನಾ ಹೆಂಗೂ ಮಾತಾಡಾಕಿ ಅಲ್ಲ.”

ಜಗಲಿಯೆಲ್ಲ ನಕ್ಕಿತು. ಉತ್ತರ ಹೇಳಬೇಕಾದವಳು ನಾನು, ಹೇಳಿದೆ. ಮೇಷ್ಟರು ಬೇವಿನ ಮರದ ಕಡೆಯಿಂದ ಬರೆಯುತ್ತಾ ಬಂದಿದ್ದರು, ಹಾಗಾಗಿ ಟ್ಯಾಂಕಿಯವಳು ಎರಡನೆಯವಳಾದಳು. ಟ್ಯಾಂಕಿನ ಕಡೆಯಿಂದ ಬಂದಿದ್ದರೆ ನೀನು ಹೋಗುತ್ತಿದ್ದೆ ಎಂದೆ. ಇದರಾಚೆ ಬೇರೆ ತರ್ಕವಿರಲಿಲ್ಲ. ಜೋರಾಗಿ ಹೇಳಿದಾಗ ಅದು ನನ್ನ ಕಿವಿಗೇ ವಿಚಿತ್ರವಾಗಿ ಕೇಳಿಸಿತು.

ಬಿಸಿಲು ಏರುವವರೆಗೆ ಕುಳಿತು ಮೂವತ್ತೆಂಟನ್ನೂ ಮುಗಿಸಿದೆವು. ಮೂವತ್ತೈದು ಜನ ಬೇರೆ ಬೇರೆ ಮನುಷ್ಯರು. ಮೂರು ಮಾತ್ರ ನಿಜಕ್ಕೂ ಎರಡು ಸಲ ಬಂದ ಹೆಸರು. ಅವರಲ್ಲಿ ಒಬ್ಬ ಹಳೆಯ ಗುಡಿಸಲಿನಲ್ಲೂ ಹೊಸ ಗುಡಿಸಲಿನಲ್ಲೂ ಬರೆಸಿಕೊಂಡಿದ್ದ. ಸಿಕ್ಕಿಬಿದ್ದಾಗ ಕತ್ತು ಕೆರೆದುಕೊಂಡು ನಕ್ಕ. ಅವನ ಹೆಸರಿಗೆ ಬಹಳ ಸಂತೋಷದಿಂದ ಅಡ್ಡಗೆರೆ ಹಾಕಿದೆ. ಅನುಮಾನಿಸುವುದು ತಪ್ಪು ಎಂದು ಈ ಕಥೆಯಿಂದ ಯಾರೂ ಪಾಠ ತೆಗೆಯಬೇಕಿಲ್ಲ. ಅನುಮಾನ ಬಂದ ಮೇಲೆ ಹೋಗಿ ನೋಡಬೇಕಿತ್ತು, ಅಷ್ಟೆ. ಉಳಿದವರಿಂದ ಅರ್ಜಿಗಳಿಗೆ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡೆ.

ಸೋಮವಾರ ಮೊದಲ ಬಸ್ಸಿಗೆ ಕೂಡ್ಲಿಗಿ. ಚುನಾವಣಾ ಶಾಖೆಯ ಗುಮಾಸ್ತರು ಅರ್ಜಿಗಳ ಕಟ್ಟನ್ನು ಮುಟ್ಟಲಿಲ್ಲ. ಒಬ್ಬರೇ ಇಷ್ಟು ಅರ್ಜಿ ತಂದರೆ ತೆಗೆದುಕೊಳ್ಳುವಂತಿಲ್ಲ, ಅವರವರೇ ಬರಬೇಕು ಎಂದರು. ನಿಯಮ ಹಾಗೇ ಇತ್ತು, ಅವರು ತೋರಿಸಿದರು. ಯಾವುದೋ ಪಕ್ಷದವರು ಕಟ್ಟುಗಟ್ಟಲೆ ಹೆಸರು ತಂದು ತುರುಕದಂತೆ ಮಾಡಿದ ನಿಯಮ. ಚರ್ಚಾ ಸ್ಪರ್ಧೆಯಲ್ಲಾದರೆ ನಾನೇ ಅದರ ಪರವಾಗಿ ಮಾತಾಡುತ್ತಿದ್ದೆ. ಆಗ ಹೊತ್ತು ಹನ್ನೊಂದು. ಮೂವತ್ತೈದು ಜನರನ್ನು ಸಂಜೆಯೊಳಗೆ ಇಲ್ಲಿಗೆ ತರುವುದು ಆಗದ ಮಾತು.

ಬೇರೆ ದಾರಿ ಹಿಡಿದೆ. ಇವು ಹೊಸ ಹೆಸರುಗಳೇ ಅಲ್ಲ, ನಿಮ್ಮ ಕಚೇರಿಯ ಪುಸ್ತಕದಲ್ಲಿ ಆಗಲೇ ಇರುವ ಹೆಸರುಗಳು, ಅಚ್ಚಿನಲ್ಲಿ ಬಿಟ್ಟುಹೋಗಿವೆ ಎಂದೆ.

“ಬಿಟ್ಟುಹೋಗಿಲ್ಲಮ್ಮ, ತೆಗದೀರಿ,” ಎಂದರು ಅವರು. “ನಿಮ್ಮ ಸೆಂಟರಿನವರೇ ಬಂದು ದೊಡ್ಡದಾಗಿ ಹೇಳಿಹೋದ್ರು. ಯಾರು ತೆಗದ್ರು, ಯಾಕ ತೆಗದ್ರು, ಹೆಂಗ ತಪ್ಪಾತು, ಬರದು ಸಹಿ ಮಾಡಿ ಕೊಡ್ರಿ. ಆಗ ಸಾಹೇಬ್ರ ಮುಂದ ಇಡತೀನಿ.”

ಹೊರಗೆ ಬೆಂಚಿನ ಮೇಲೆ ಬಿಳಿ ಹಾಳೆ ಹಿಡಿದು ಕುಳಿತೆ. ಮಾಲೀಕರು ಬೇಡವೆಂದದ್ದು ಇದನ್ನೇ. ಇದನ್ನು ಬರೆದರೆ ನಾಳೆ ನನಗೆ ಕೆಲಸ ಇರದಿರಬಹುದು. ಅದಕ್ಕಿಂತ ಹೆಚ್ಚಾಗಿ, ಬರೆಯಲು ನನಗೆ ಬರುತ್ತಿರಲಿಲ್ಲ. ಎಷ್ಟು ಸ್ಪರ್ಧೆಗಳಲ್ಲಿ ನಿಂತಿದ್ದೆ. ಎಲ್ಲಿಯೂ ಒಪ್ಪಿಕೊಂಡವರಿಗೆ ಅಂಕ ಕೊಟ್ಟದ್ದನ್ನು ನೋಡಿರಲಿಲ್ಲ. ‘ತಾಂತ್ರಿಕ ಕಾರಣಗಳಿಂದ’ ಎಂದು ಶುರುಮಾಡಿದೆ, ಹೊಡೆದುಹಾಕಿದೆ. ‘ಗಣಕಯಂತ್ರದ ದೋಷದಿಂದ’ ಎಂದು ಬರೆದೆ. ಕಂಪ್ಯೂಟರ್ ನನ್ನ ತೆಗದೈತಂತ ಎಂದ ಆ ಹೆಂಗಸಿನ ಮುಖ ನೆನಪಾಯಿತು. ಅದನ್ನೂ ಹೊಡೆದುಹಾಕಿದೆ.

ಕೊನೆಗೆ ಬರೆದದ್ದು ಹೀಗೆ: ಈ ಪ್ರೋಗ್ರಾಂ ಬರೆದವಳು ನಾನು. ಸಂಖ್ಯೆಯಿಲ್ಲದ ಮನೆಗಳಿಗೆ ಒಂದೇ ಸಂಖ್ಯೆ ತುಂಬಿದವಳು ನಾನು. ಯಾರನ್ನೂ ಕಂಡು ವಿಚಾರಿಸದೆ ಮೂವತ್ತೆಂಟು ಹೆಸರು ತೆಗೆದೆ. ಈಗ ಕಂಡು ವಿಚಾರಿಸಿದ್ದೇನೆ. ಮೂವತ್ತೈದು ಜನ ನಿಜಕ್ಕೂ ಇದ್ದಾರೆ, ಮೂರು ಹೆಸರು ಮಾತ್ರ ಎರಡು ಸಲ ಬಂದಿವೆ. ಕೆಳಗೆ ಸಹಿ, ಜೊತೆಗೆ ಗುರುತಿನ ಕಾಲಂ ಇರುವ ಹಾಳೆ.

ಸಾಹೇಬರು ಮೇಷ್ಟರ ಪುಸ್ತಕ ತರಿಸಿ, ನನ್ನ ಹಾಳೆಯ ಜೊತೆ ಸಾಲು ಸಾಲಾಗಿ ಇಟ್ಟು ನೋಡಿದರು. ‘ಸದರಿ’ಗಳ ಮೇಲೆ ಬೆರಳು ಜಾರಿಸುತ್ತಾ ಹೋಗಿ ಒಂದು ಕಡೆ ನಿಂತರು.

“ನಿಮ್ಮ ಮಾಲೀಕರು ಯಾಕೆ ಸಹಿ ಮಾಡಿಲ್ಲ?”

“ಪ್ರೋಗ್ರಾಂ ಬರೆದದ್ದು ನಾನು ಸರ್.”

ಅವರು ಪುಸ್ತಕ ಮುಚ್ಚಿದರು. ಹಾಳೆಯ ಅಂಚಿನಲ್ಲಿ ‘ಪುಸ್ತಕದಂತೆ ಸೇರಿಸಿ’ ಎಂದು ಬರೆದರು. ಹೊರಗೆ ಬಂದಾಗ ಗುಮಾಸ್ತರು ನನಗೂ ಒಂದು ಚಹಾ ಹೇಳಿದ್ದರು.

ಮಾಲೀಕರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಪೂರಕ ಪಟ್ಟಿಯನ್ನು ಅಚ್ಚು ತೆಗೆಯಲು ಕಚೇರಿಯವರು ನಮಗೇ ಹೇಳಿದ್ದಾರೆ ಎಂದು ಬೇರೆ ಯಾರಿಗೋ ಹೇಳುವಂತೆ ಗೋಡೆ ನೋಡಿಕೊಂಡು ಹೇಳಿದರು. ನನ್ನ ಹದಿನೇಳು ಸಾಲಿಗೆ ಇನ್ನೊಂದು ಸಾಲು ಸೇರಿಸಿದೆ. ಒಂದೇ ತರದ ಎರಡು ದಾಖಲೆ ಕಂಡರೆ ತೆಗೆಯಬೇಡ, ಅಚ್ಚು ಹಾಕು. ಮನುಷ್ಯರು ಹೋಗಿ ನೋಡಲಿ. ಆಮೇಲೆ ನಾನು ಬರೆದ ಎಷ್ಟೋ ಪ್ರೋಗ್ರಾಂಗಳಲ್ಲಿ ನನಗೆ ಬಹಳ ಪ್ರೀತಿ ಆ ಹದಿನೆಂಟನೆಯ ಸಾಲಿನ ಮೇಲೆ.

ನಾಮಪತ್ರದ ದಿನ ಅರ್ಧ ದಿನ ರಜೆ ಕೇಳಿ ಹಳ್ಳಿಗೆ ಹೋದೆ. ಪಂಚಾಯಿತಿ ಕಟ್ಟಡದೊಳಗೆ ಚುನಾವಣಾಧಿಕಾರಿಯ ಮುಂದೆ ಟ್ಯಾಂಕಿ ಕೊಟ್ರಮ್ಮ ನಿಂತಿದ್ದಳು. ನಾಮಪತ್ರಕ್ಕೆ ಅದೇ ಕ್ಷೇತ್ರದ ಮತದಾರರೊಬ್ಬರು ಸೂಚಕರಾಗಬೇಕು. ಅಧಿಕಾರಿ ಓದುತ್ತಾ ಓದುತ್ತಾ ತಲೆ ಎತ್ತಿದರು. ಅಭ್ಯರ್ಥಿ ಕೊಟ್ರಮ್ಮ, ಗಂಡ ಬಸಪ್ಪ, ವಯಸ್ಸು ಮೂವತ್ತೈದು. ಸೂಚಕಿ ಕೊಟ್ರಮ್ಮ, ಗಂಡ ಬಸಪ್ಪ, ವಯಸ್ಸು ಮೂವತ್ತೈದು.

“ಏನಮ್ಮ ಇದು, ನಿನಗೆ ನೀನೇ ಸೂಚಕಿ ಆಗೋಕೆ ಬರಲ್ಲ,” ಎಂದರು.

ಟ್ಯಾಂಕಿ ಕೊಟ್ರಮ್ಮ ಅಳುಕಲಿಲ್ಲ. “ಪಟ್ಟಿ ತೆಗದು ನೋಡ್ರಿ ಸರ. ಆಕಿ ಹದಿನೆಂಟು, ನಾನು ಪೂರಕದಾಗ ಒಂದು.” ಎರಡೂ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಅಧಿಕಾರಿ ನಮ್ಮ ಸೆಂಟರಿನ ಎರಡು ಪಟ್ಟಿಗಳನ್ನು ಬಿಡಿಸಿ ಅಕ್ಕಪಕ್ಕ ಇಟ್ಟರು. ಬಾಗಿಲ ಹೊರಗಿನ ಗುಂಪಿನಿಂದ ಕುಳ್ಳಿಯೊಬ್ಬಳು ಚಪ್ಪಲಿ ಕಳಚಿ ಒಳಗೆ ಬಂದು, ಎತ್ತರದವಳ ಪಕ್ಕದಲ್ಲಿ ನಿಂತಳು. ಮಾತಾಡುವವಳಲ್ಲ ಎಂದು ಹೇಳಿಕೊಂಡವಳು.

“ಇಬ್ರೂ ಬಂದೀವ್ರಿ,” ಎಂದಳು.

ಅಧಿಕಾರಿ ಪೆನ್ನಿನ ಕ್ಯಾಪು ತೆಗೆದು ಎರಡೂ ಹೆಸರುಗಳ ಮುಂದೆ ಸರಿ ಗುರುತು ಹಾಕಿದರು.